ಲ್ಯಾಬ್ ಇಲ್ಲದ ಖಾಸಗಿ ಹೈಸ್ಕೂಲಿನಲ್ಲಿ ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವುದು ಹೇಗೆ

ತಾಲೂಕು ಕೇಂದ್ರದಲ್ಲೋ ಊರಾಚೆಯ ಬಡಾವಣೆಯಲ್ಲೋ ಇರುವ ಸಣ್ಣ ಅನುದಾನರಹಿತ ಹೈಸ್ಕೂಲುಗಳಲ್ಲಿ ಪಾಠ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ತರಗತಿಗೆ ನಲವತ್ತೈವತ್ತು ಮಕ್ಕಳು, ವಾರಕ್ಕೆ ಮೂವತ್ತಕ್ಕಿಂತ ಜಾಸ್ತಿ ಪೀರಿಯಡ್, ಲ್ಯಾಬ್ ಅಂತ ಬೋರ್ಡ್ ಇರುವ ಕೋಣೆಯಲ್ಲಿ ಹಳೇ ಬೆಂಚುಗಳು, ಮೇಲಿಂದ "ಪೋರ್ಷನ್ ಎಲ್ಲಿಗೆ ಬಂತು" ಅನ್ನುವ ವಿಚಾರಣೆ. ಇಂಥ ಕಡೆ ಚಟುವಟಿಕೆ ಅಂದ ತಕ್ಷಣ ಮೇಷ್ಟ್ರುಗಳಿಗೆ ತಲೆನೋವು ಶುರುವಾಗುವುದು ಸಹಜ. ಆದರೂ ಮಾಡಬಹುದು. ದುಡ್ಡು ಹೆಚ್ಚು ಬೇಡ. ಪೋರ್ಷನ್ ಬಿಡಬೇಕಾಗಿಯೂ ಇಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನಮ್ಮಲ್ಲಿ "ಪ್ರಾಜೆಕ್ಟ್" ಅಂದರೆ ಥರ್ಮೋಕೋಲ್ ಮಾಡೆಲ್ ಅಂತ ಆಗಿಬಿಟ್ಟಿದೆ. ಸ್ಟೇಷನರಿ ಅಂಗಡಿಯಲ್ಲಿ ತಯಾರಾಗಿಯೇ ಸಿಗುತ್ತದೆ, ಇಲ್ಲವೇ ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸುತ್ತಾರೆ. ಪ್ರಾಕ್ಟಿಕಲ್ ರೆಕಾರ್ಡ್ ಕೂಡ ಹಾಗೆಯೇ, ಗೈಡಿನಿಂದ ಇಳಿಸಿದ ಅಂಕಿಗಳು. ಇದರಲ್ಲಿ ಮಕ್ಕಳ ತಪ್ಪು ಏನೂ ಇಲ್ಲ, ಉತ್ತರ ಮೊದಲೇ ಗೊತ್ತಿರುವ ಕೆಲಸ ಕೊಟ್ಟರೆ ಯಾರಾದರೂ ನಕಲು ಮಾಡುತ್ತಾರೆ. ಹಾಗಾಗಿ ಚಟುವಟಿಕೆ ಆರಿಸುವಾಗ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಈ ಪ್ರಶ್ನೆಯ ಉತ್ತರ ನನಗೂ ಗೊತ್ತಿರಬಾರದು, ಪುಸ್ತಕದಲ್ಲೂ ಇರಬಾರದು, ನಮ್ಮ ಶಾಲೆಯ ಸುತ್ತ ಅಳೆದರೆ ಮಾತ್ರ ಸಿಗಬೇಕು. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು? ನಮ್ಮ ಸೂರಿನ ಮೇಲೆ ಈ ಜೂನ್‌ನಲ್ಲಿ ಎಷ್ಟು ಲೀಟರ್ ನೀರು ಬಿತ್ತು? ಸೋಮವಾರದ ಸಂತೆಯಲ್ಲಿ ಟೊಮೆಟೊ ಬೆಲೆ ಬೆಳಗ್ಗೆಯಿಂದ ಸಂಜೆಗೆ ಎಷ್ಟು ಇಳಿಯುತ್ತದೆ? ಇವಕ್ಕೆ ಗೈಡ್ ಇಲ್ಲ. ಅಂಕಿ ಮಕ್ಕಳದ್ದೇ ಆಗಿರಬೇಕಾಗುತ್ತದೆ, ಬೇರೆ ದಾರಿ ಇರುವುದಿಲ್ಲ.

ಸಮಯ ಎಲ್ಲಿಂದ ತರುವುದು

ಹತ್ತನೇ ತರಗತಿಯಿಂದ ಶುರು ಮಾಡಬೇಡಿ. ಅಲ್ಲಿ ಜನವರಿಯಿಂದಲೇ ಪ್ರಿಪರೇಟರಿ ಪರೀಕ್ಷೆ, ಸ್ಪೆಷಲ್ ಕ್ಲಾಸ್ ಗಲಾಟೆ. ಎಂಟು ಮತ್ತು ಒಂಬತ್ತನೇ ತರಗತಿ ಸರಿಯಾದ ಜಾಗ. ವಾರಕ್ಕೆ ಒಂದೇ ಒಂದು ಸಲ, ಎರಡು ಪೀರಿಯಡ್ ಸೇರಿಸಿ ತೆಗೆದುಕೊಳ್ಳಿ. ಒಂದು ಪೀರಿಯಡ್ ಅಂದರೆ ನಲವತ್ತು ನಿಮಿಷ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸಾಲು ಮಾಡಿಸುವಷ್ಟರಲ್ಲಿ ಅರ್ಧ ಕಳೆದುಹೋಗುತ್ತದೆ. ಎಂಬತ್ತು ನಿಮಿಷ ಇದ್ದರೆ ಅಳೆಯಲು, ಬರೆಯಲು, ವಾಪಸ್ ಬಂದು ಜಗಳ ಆಡಲು ಸಮಯ ಸಿಗುತ್ತದೆ. ಆ ಜಗಳ ಬಹಳ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಶನಿವಾರದ ಅರ್ಧ ದಿನ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಣಿತದವರು, ವಿಜ್ಞಾನದವರು, ಸಮಾಜದವರು ಮಾತಾಡಿಕೊಂಡು ಒಂದು ತಿಂಗಳು ಒಬ್ಬರ ವಿಷಯ, ಮುಂದಿನ ತಿಂಗಳು ಇನ್ನೊಬ್ಬರದು ಅಂತ ಹಂಚಿಕೊಂಡರೆ ಯಾರ ಪೋರ್ಷನ್‌ಗೂ ಪೆಟ್ಟು ಬೀಳುವುದಿಲ್ಲ. ಟೈಮ್‌ಟೇಬಲ್ ಹಾಕುವವರ ಹತ್ತಿರ ಈ ಮಾತನ್ನು ಮೇ ತಿಂಗಳ ಕೊನೆಗೇ ಆಡಬೇಕು. ಜೂನ್‌ನಲ್ಲಿ ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ ಮೇಲೆ ಯಾರೂ ಅಲುಗಾಡುವುದಿಲ್ಲ.

ಗುಂಪು ಮತ್ತು ನೋಟ್‌ಬುಕ್

ಐವತ್ತು ಮಕ್ಕಳಿದ್ದರೆ ಐದೈದು ಜನರ ಹತ್ತು ಗುಂಪು. ಅದಕ್ಕಿಂತ ದೊಡ್ಡ ಗುಂಪು ಮಾಡಿದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಸುಮ್ನೆ ನಿಲ್ಲುತ್ತಾರೆ. ಒಬ್ಬರು ಅಳೆಯುವವರು, ಒಬ್ಬರು ಅದನ್ನೇ ಮತ್ತೆ ಅಳೆದು ನೋಡುವವರು, ಒಬ್ಬರು ಬರೆಯುವವರು, ಒಬ್ಬರು ಸಮಯ ಮತ್ತು ಸಾಮಾನು ನೋಡಿಕೊಳ್ಳುವವರು, ಒಬ್ಬರು ಪ್ರಶ್ನೆ ಕೇಳುವವರು. ಇದನ್ನು ಪ್ರತಿ ವಾರ ತಿರುಗಿಸಲೇಬೇಕು. ಬಿಟ್ಟರೆ ಏನಾಗುತ್ತದೆ ಅಂತ ನಿಮಗೂ ಗೊತ್ತು: ಟೇಪು, ಸ್ಪ್ಯಾನರ್ರು ಹುಡುಗರ ಕೈಗೆ ಹೋಗುತ್ತದೆ, ಅಕ್ಷರ ಚೆನ್ನಾಗಿದೆ ಅಂತ ಬರೆಯುವ ಕೆಲಸ ವರ್ಷಪೂರ್ತಿ ಹುಡುಗಿಯರ ಪಾಲಿಗೆ ಬರುತ್ತದೆ. ನೀವು ಗಟ್ಟಿಯಾಗಿ ನಿಂತು ಬದಲಾಯಿಸದಿದ್ದರೆ ಅದು ತಾನಾಗಿ ಬದಲಾಗುವುದಿಲ್ಲ.

ಗುಂಪಿಗೊಂದು ನೂರು ಪುಟದ ನೋಟ್‌ಬುಕ್ ಸಾಕು. ಪೆನ್ನಲ್ಲೇ ಬರೆಯಬೇಕು, ವೈಟ್ನರ್ ಬೇಡ, ಹಾಳೆ ಹರಿಯುವಂತಿಲ್ಲ. ತಪ್ಪು ಅನ್ನಿಸಿದ ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಲಿ, ಹಳೆಯದು ಓದಲು ಬರಬೇಕು. ದಿನಾಂಕ, ಸಮಯ, ಜಾಗ, ಯಾವುದರಿಂದ ಅಳೆದದ್ದು, ಯಾರು ಅಳೆದದ್ದು, ಇಷ್ಟು ಇಲ್ಲದ ಅಂಕಿಗೆ ಬೆಲೆ ಇಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.

ಭಾಷೆ ವಿಷಯದಲ್ಲಿ ಒಂದು ಮಾತು. ನಮ್ಮ ಖಾಸಗಿ ಶಾಲೆಗಳಲ್ಲಿ ಬಹುಪಾಲು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡಬೇಡಿ ಅನ್ನುವ ನಿಯಮ ಇದ್ದರೆ ಈ ಎರಡು ಪೀರಿಯಡ್‌ಗಾದರೂ ಅದನ್ನು ಬಿಡಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕಾದರೆ ಮಗುವಿಗೆ ತನ್ನ ಮಾತು ಬೇಕು, ಅದು ಕನ್ನಡವೋ ಉರ್ದುವೋ ತುಳುವೋ ಯಾವುದಾದರೂ ಆಗಲಿ. "ನೀರು ಸ್ವಲ್ಪ ಕಲಗಚ್ಚಿನ ಥರ ಇತ್ತು" ಅಂತ ಬರೆದ ಹುಡುಗ ನಿಜವಾಗಿ ನೋಡಿದ್ದಾನೆ. ಅವನಿಗೆ ಇಂಗ್ಲಿಷ್ ಪದ ಆಮೇಲೆ ಹೇಳಿಕೊಡಬಹುದು.

ನೀರಿನಿಂದ ಶುರು ಮಾಡಿ

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೇ ಮುಂಗಾರು ಬರುತ್ತದೆ, ಹಾಗಾಗಿ ಮಳೆಮಾಪಕವೇ ಮೊದಲ ಕೆಲಸ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತೆಗೆದುಕೊಂಡು, ಮೇಲಿನ ಭಾಗ ಎಲ್ಲಿ ನೇರವಾಗುತ್ತದೋ ಅಲ್ಲಿ ಕತ್ತರಿಸಿ, ಆ ತುಂಡನ್ನೇ ತಲೆಕೆಳಗಾಗಿ ಬಾಯಿಗೆ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಸ್ವಲ್ಪ ಕಲ್ಲು ಹಾಕಿ, ಬಾಟಲಿಯ ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಹಾಕಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಪ್ರತಿ ಸಲ ಅಳೆದಾದ ಮೇಲೆ ಮತ್ತೆ ಸೊನ್ನೆ ಗೆರೆಗೆ ತರಬೇಕು. ಗೋಡೆ ಪಕ್ಕ, ಮರದ ಕೆಳಗೆ ಇಡಬಾರದು. ಪಕ್ಕದ ಕಟ್ಟಡ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ.

ಹವಾಮಾನ ಇಲಾಖೆಯವರು ಬೆಳಗ್ಗೆ 8:30ಕ್ಕೆ ಅಳೆಯುತ್ತಾರೆ. ನಿಮ್ಮ ಮಕ್ಕಳು ಅಷ್ಟು ಹೊತ್ತಿಗೆ ಬರದಿದ್ದರೆ ಪ್ರಾರ್ಥನೆಗೆ ಮೊದಲು ಅಳೆಯಲಿ, ಆದರೆ ದಿನಾ ಒಂದೇ ಸಮಯ ಆಗಿರಲಿ. ಒಂದು ತಿಂಗಳಾದ ಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿ. ಅವರ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಮಕ್ಕಳ ಅಂಕಿ ಅದಕ್ಕೆ ಹೊಂದದೆ ಇರಬಹುದು. ಯಾಕೆ? ಮಾಪಕ ಓರೆಯಾಗಿತ್ತಾ, ಮೂರು ಕಿಲೋಮೀಟರ್ ಆಚೆ ಮಳೆಯೇ ಬೇರೆ ಇತ್ತಾ, ಸೋಮವಾರ ಎರಡು ದಿನದ ಮಳೆಯನ್ನು ಒಂದೇ ದಿನಕ್ಕೆ ಬರೆದರಾ? ಈ ಹುಡುಕಾಟ ಶುರುವಾದರೆ ನಿಮ್ಮ ಕೆಲಸ ಅರ್ಧ ಆದಂತೆ.

ಮುಂದಿನ ವಾರ ಗಣಿತ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಶಾಲೆಯ ಕಟ್ಟಡ 30 ಮೀಟರ್ ಉದ್ದ, 12 ಮೀಟರ್ ಅಗಲ ಇದ್ದರೆ ಸೂರು 360 ಚದರ ಮೀಟರ್. 25 ಮಿಲಿಮೀಟರ್ ಮಳೆಗೆ 9,000 ಲೀಟರ್. ಆವಿ, ಸೋರಿಕೆ, ಹೀರಿಕೆ ಕಳೆದು ನೂರಕ್ಕೆ ಎಂಬತ್ತು ಹಿಡಿದರೂ 7,200 ಲೀಟರ್ ಸಿಗುತ್ತದೆ. ಶಾಲೆಗೆ 5,000 ಲೀಟರಿನ ಟ್ಯಾಂಕರ್ ತರಿಸುತ್ತಿದ್ದರೆ ಅದರ ಬೆಲೆ ಆಫೀಸಿನಲ್ಲಿ ಕೇಳಿಕೊಂಡು ಬರಲು ಮಕ್ಕಳನ್ನೇ ಕಳಿಸಿ. ಅಳೆಯಲು ಯಾರೂ ಸೂರು ಹತ್ತಬೇಕಾಗಿಲ್ಲ, ಕೆಳಗೆ ಗೋಡೆಯ ಉದ್ದ ಅಗಲ ಅಳೆದರೆ ಸಾಕು.

ಆಮೇಲೆ ಕುಡಿಯುವ ನೀರು. ಮನೆಮನೆಯಿಂದ ಒಂದೊಂದು ಬಾಟಲಿ ನೀರು ತರಲು ಹೇಳಿ: ಬೋರ್‌ವೆಲ್, ತೆರೆದ ಬಾವಿ, ಪಂಚಾಯಿತಿ ನಲ್ಲಿ, ಆರ್‌ಒ ಘಟಕ, ಹಿಡಿದಿಟ್ಟ ಮಳೆನೀರು. ಒಂದೇ ಅಳತೆಯ ಬಾಟಲಿಗಳಲ್ಲಿ ಅಷ್ಟಷ್ಟೇ ನೀರು, ಅಷ್ಟಷ್ಟೇ ಹನಿ ಸೋಪಿನ ನೀರು, ಇಪ್ಪತ್ತು ಸಲ ಕುಲುಕಿ ನೊರೆಯ ಎತ್ತರ ಅಳೆಯಿರಿ. ಮೈ ಸೋಪನ್ನೇ ಕರಗಿಸಬೇಕು, ಡಿಟರ್ಜೆಂಟ್ ಆಗುವುದಿಲ್ಲ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ನೀರಿನಲ್ಲಿ ಕರಗಿರುವ ಘನವಸ್ತು ಎಷ್ಟು ಅಂತ ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಶಾಲೆಗೆ ಒಂದು ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುವಂಥದ್ದು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ. ಗಡಸುತನಕ್ಕೆ ಇದೇ ರೀತಿ 200 ಮತ್ತು 600.

ಇಲ್ಲಿ ತುಂಬಾ ಎಚ್ಚರ ಬೇಕು. ಟಿಡಿಎಸ್ ಕಮ್ಮಿ ಬಂದ ಮಾತ್ರಕ್ಕೆ ನೀರು ಒಳ್ಳೆಯದು ಅಂತ ಮಕ್ಕಳು ಮನೆಗೆ ಹೋಗಿ ಹೇಳಬಾರದು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೂ ಆ ಮೀಟರ್‌ಗೆ ಗೊತ್ತಾಗುವುದಿಲ್ಲ, ರೋಗಾಣು ಇದ್ದರೂ ಗೊತ್ತಾಗುವುದಿಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಫ್ಲೋರೈಡ್ ಎಷ್ಟು ದೊಡ್ಡ ಸಮಸ್ಯೆ ಅಂತ ಹೇಳಬೇಕಾಗಿಲ್ಲ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅಂಥವರೊಬ್ಬರನ್ನು ಶಾಲೆಗೆ ಕರೆಸಿ ಮಕ್ಕಳ ಮುಂದೆಯೇ ಪರೀಕ್ಷೆ ಮಾಡಿಸಿ. ಏನಾದರೂ ಅನುಮಾನ ಬಂದರೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿಯವರೆಗೆ ಅದು ತರಗತಿಯ ಅಂಕಿ ಅಷ್ಟೇ.

ಶಾಲೆಯಲ್ಲಿ ಆರ್‌ಒ ಇದ್ದರೆ ಇನ್ನೊಂದು ಕೆಲಸ ಕೊಡಿ. ಒಳ್ಳೆಯ ನೀರಿನ ಪೈಪಿಗೆ ಒಂದು ಬಕೆಟ್, ಹೊರಗೆ ಬಿಡುವ ಪೈಪಿಗೆ ಒಂದು ಬಕೆಟ್, ಹತ್ತು ನಿಮಿಷ. ಒಂದು ಲೀಟರ್ ಕುಡಿಯುವ ನೀರಿಗೆ ಎಷ್ಟು ಲೀಟರ್ ಚರಂಡಿಗೆ ಹೋಗುತ್ತಿದೆ ಅಂತ ಅವರೇ ಲೆಕ್ಕ ಹಾಕಲಿ. ಆ ನೀರನ್ನು ಶೌಚಾಲಯಕ್ಕೆ ಬಳಸಬಹುದಾ ಅನ್ನುವ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ.

ಕರೆಂಟಿನ ಮೀಟರ್

ಇದನ್ನು ಮನೆಗೆಲಸವಾಗಿ ಕೊಡಬಹುದು. ಈಗಿನ ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಅದು 3,200 ಇದ್ದು, ಒಂದು ನಿಮಿಷಕ್ಕೆ 16 ಸಲ ಮಿನುಗಿತು ಅನ್ನಿ. ಗಂಟೆಗೆ 960 ಸಲ. 3,200ರಿಂದ ಭಾಗಿಸಿದರೆ 0.3 ಯೂನಿಟ್. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ, ಹಾಗಾಗಿ ಆ ಹೊತ್ತಿಗೆ ಮನೆಯಲ್ಲಿ 300 ವ್ಯಾಟ್ ಉರಿಯುತ್ತಿದೆ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಅಂಥ ನಾಲ್ಕು ಫ್ಯಾನ್ ತಿರುಗಿದಷ್ಟು. ಈಗ ಒಂದು ಫ್ಯಾನ್ ಆರಿಸಿ ಮತ್ತೆ ಎಣಿಸಲಿ. ಟಿವಿ ಹಾಕಿ ಎಣಿಸಲಿ. ಮಿಕ್ಸಿ ಹಾಕಿದಾಗ ದೀಪ ಹೇಗೆ ಓಡುತ್ತದೆ ನೋಡಲಿ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಬರುವ ಕಿಲೋವ್ಯಾಟ್ ಗಂಟೆ ಅನ್ನುವುದು ಇಷ್ಟರಲ್ಲೇ ತಲೆಗೆ ಹತ್ತುತ್ತದೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದ ಮನೆಯಲ್ಲೂ ಯೂನಿಟ್ ಅಚ್ಚಾಗಿರುತ್ತದೆ, ಆ ಬಿಲ್ಲನ್ನೇ ತರಲಿ.

ಮೀಟರ್ ನೋಡುವುದು ಮಾತ್ರ, ಬೋರ್ಡ್ ಮುಟ್ಟುವಂತಿಲ್ಲ, ಮೇನ್ ಸ್ವಿಚ್ ತೆಗೆಯುವಂತಿಲ್ಲ. ಇದನ್ನು ಡೈರಿಯಲ್ಲಿ ಬರೆಸಿ ಪೋಷಕರ ಸಹಿ ತರಿಸಿ.

ಮ್ಯಾನೇಜ್‌ಮೆಂಟ್‌ನವರ ಮನಸ್ಸು ಒಲಿಯಬೇಕಾದರೆ ಶಾಲೆಯ ಫ್ಯಾನುಗಳ ಲೆಕ್ಕ ಮಾಡಿಸಿ. 20 ಹಳೇ ಫ್ಯಾನ್, ದಿನಕ್ಕೆ 6 ಗಂಟೆ, 75 ವ್ಯಾಟ್ ಅಂದರೆ 9 ಯೂನಿಟ್. ಕಮ್ಮಿ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 3.6 ಯೂನಿಟ್. 200 ದಿನಕ್ಕೆ 1,080 ಯೂನಿಟ್ ಉಳಿತಾಯ. ಈ ಕಾಗದವನ್ನು ಮಕ್ಕಳೇ ಬರೆದು, ಮಕ್ಕಳೇ ಕಾರ್ಯದರ್ಶಿಯವರ ಕೈಗೆ ಕೊಡಲಿ. ಇಂಥದ್ದನ್ನು ನೋಡಿದ ಮೇಲೆ ಶನಿವಾರದ ಎರಡು ಪೀರಿಯಡ್ ಕೇಳುವುದು ಸುಲಭ ಆಗುತ್ತದೆ.

ನೆರಳಿನಿಂದ ಭೂಮಿ ಅಳೆಯುವುದು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಕೊನೆಯ ಉತ್ತರ ಪುಸ್ತಕದಲ್ಲಿದೆ ನಿಜ, ಆದರೆ ನಮ್ಮ ಅಂಗಳದ ನೆರಳಿಗೆ ಗೈಡ್ ಇಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ನಮಗೆ ಅದಕ್ಕೆ ಬೀದರ್ ಮತ್ತು ಬೆಂಗಳೂರು ಇವೆ. ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದ ಮೇಲೆ, 77.5 ಡಿಗ್ರಿ ಆಸುಪಾಸಿನಲ್ಲಿವೆ. ಅಕ್ಷಾಂಶದಲ್ಲಿ ಮಾತ್ರ ಸುಮಾರು 5 ಡಿಗ್ರಿ ವ್ಯತ್ಯಾಸ. ನಿಮ್ಮ ಶಾಲೆಗೆ ನೇರ ಉತ್ತರಕ್ಕೋ ದಕ್ಷಿಣಕ್ಕೋ ದೂರದಲ್ಲಿ ನಿಮ್ಮ ಬಿ.ಎಡ್ ಗೆಳೆಯರು ಯಾರಾದರೂ ಪಾಠ ಮಾಡುತ್ತಿದ್ದರೆ ಫೋನ್ ಮಾಡಿ ಒಪ್ಪಿಸಿ.

ಡಿಸೆಂಬರ್ ಒಳ್ಳೆಯ ತಿಂಗಳು, ಆಕಾಶ ತಿಳಿಯಾಗಿರುತ್ತದೆ. ನೆರಳೇ ಬೀಳದ ದಿನ ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ, ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಆದರೆ ಮೊದಲನೆಯದು ಬೇಸಿಗೆ ರಜೆ, ಎರಡನೆಯದು ಮೋಡದ ಕಾಲ, ಹಾಗಾಗಿ ಅದನ್ನೇ ನೆಚ್ಚಿಕೊಳ್ಳಬೇಡಿ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯಾ ನೋಡಿ. ಮಧ್ಯಾಹ್ನ 12ರಿಂದ 12:40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡಿ. ಅತಿ ಗಿಡ್ಡ ನೆರಳು ಸರಿಯಾಗಿ 12ಕ್ಕೆ ಬರುವುದಿಲ್ಲ, ಡಿಸೆಂಬರ್ ಕೊನೆಗೆ ಈ ರೇಖಾಂಶದಲ್ಲಿ 12:20ರ ಹತ್ತಿರ ಬರುತ್ತದೆ. ಯಾಕೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವು ಅದಕ್ಕಿಂತ 5 ಡಿಗ್ರಿ ಪಶ್ಚಿಮಕ್ಕಿದ್ದೇವೆ, ಒಂದು ಡಿಗ್ರಿಗೆ 4 ನಿಮಿಷ. ಸಮಾಜ ಪಾಠದ ಒಂದು ಅಂಶ ಅಲ್ಲೇ ಮುಗಿಯಿತು ನೋಡಿ.

ಡಿಸೆಂಬರ್ 22ರ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಸುಮಾರು 74 ಸೆಂಟಿಮೀಟರ್, ಬೀದರ್‌ನಲ್ಲಿ ಸುಮಾರು 88 ಬರಬೇಕು. ಈ ಅಂಕಿ ನಿಮಗೆ ಮಾತ್ರ, ಅಳೆಯುವ ಮೊದಲು ಮಕ್ಕಳಿಗೆ ಹೇಳಬೇಡಿ. ಹತ್ತನೆಯವರು ಟ್ಯಾನ್ ಬಳಸಿ ಕೋಲಿನ ತುದಿಯಲ್ಲಿ ಕೋಲಿಗೂ ಬಿಸಿಲಿನ ಗೆರೆಗೂ ನಡುವಿನ ಕೋನ ಕಂಡುಹಿಡಿಯಲಿ, ಎಂಟು ಒಂಬತ್ತನೆಯವರು ಹಾಳೆಯ ಮೇಲೆ ಅಳತೆಗೆ ತಕ್ಕ ತ್ರಿಕೋನ ಬರೆದು ಕೋನಮಾಪಕ ಇಟ್ಟು ನೋಡಲಿ. ಎರಡು ಊರಿನ ಕೋನಗಳ ವ್ಯತ್ಯಾಸ ತೆಗೆಯಲಿ. ನಕ್ಷೆಯ ಮೇಲೆ ಆ ಊರುಗಳ ನಡುವಿನ ನೇರ ಗೆರೆಯ ದೂರ ಸುಮಾರು 550 ಕಿಲೋಮೀಟರ್. ವ್ಯತ್ಯಾಸ ಇಷ್ಟು ಡಿಗ್ರಿಗೆ 550 ಆದರೆ 360 ಡಿಗ್ರಿಗೆ ಎಷ್ಟು? ಬಸ್ಸಿನ ಕಿಲೋಮೀಟರ್ ಹಾಕಿಬಿಟ್ಟರೆ ಲೆಕ್ಕ ಕೆಡುತ್ತದೆ, ರಸ್ತೆ ಸುತ್ತಿಕೊಂಡು ಹೋಗುತ್ತದಲ್ವಾ. ಉತ್ತರ 40,000ದ ಹತ್ತಿರ ಬಂದರೆ ಸಂತೋಷ. 36,000 ಬಂದರೂ ಅದನ್ನೇ ಬರೆಯಲಿ, ಎಲ್ಲಿ ತಪ್ಪಿರಬಹುದು ಅಂತ ಕೆಳಗೆ ನಾಲ್ಕು ಸಾಲು ಬರೆಯಲಿ. ಸೂರ್ಯನ ಕಡೆ ನೇರವಾಗಿ ನೋಡಬಾರದು ಅಂತ ಮಾತ್ರ ಮತ್ತೆ ಮತ್ತೆ ಹೇಳುತ್ತಿರಬೇಕು.

ಈಗ ಆ ಜಗಳದ ವಿಷಯ. ಹತ್ತು ಗುಂಪು ಅಳೆದರೆ ಹತ್ತು ಉತ್ತರ ಬರುತ್ತದೆ. ತಕ್ಷಣ "ಸರ್, ಯಾವುದು ಕರೆಕ್ಟು?" ಅಂತ ನಿಮ್ಮ ಮುಖ ನೋಡುತ್ತಾರೆ. ಹೇಳಬೇಡಿ. ಹತ್ತೂ ಅಂಕಿಗಳನ್ನು ಬೋರ್ಡ್ ಮೇಲೆ ಬರೆದು, ಒಂದು ಗುಂಪು ಇನ್ನೊಂದು ಗುಂಪನ್ನು ಪ್ರಶ್ನಿಸಲಿ. ನಿಮ್ಮ ಕೋಲು ಓರೆಯಿತ್ತು, ನೀವು ನೆರಳಿನ ಮಸುಕು ಅಂಚನ್ನು ಹಿಡಿದಿರಿ, ನಿಮ್ಮ ಟೇಪು ತುದಿಯಲ್ಲಿ ಹರಿದಿದೆ. ಆಮೇಲೆ ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು) ಎರಡನ್ನೂ ತೆಗೆಸಿ. ಒಂದು ಗುಂಪಿನ ಅಂಕಿ ಎಲ್ಲೋ ದೂರ ಹೋಗಿದ್ದರೆ ಸರಾಸರಿ ಅತ್ತ ಎಳೆದುಕೊಂಡು ಹೋಗುತ್ತದೆ, ಮಧ್ಯಾಂಕ ಅಷ್ಟಾಗಿ ಅಲುಗುವುದಿಲ್ಲ. ಸಂಖ್ಯಾಶಾಸ್ತ್ರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಮಾಡಲು ನನಗೆ ಬೇರೆ ದಾರಿ ಗೊತ್ತಿಲ್ಲ.

ಸಂತೆ, ವೀರಗಲ್ಲು, ವೈಂಡಿಂಗ್ ಅಂಗಡಿ

ಸಂತೆಗೆ ಹೋಗುವುದಾದರೆ ಒಂದೇ ತರಕಾರಿ, ಐದು ಅಂಗಡಿ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ವ್ಯಾಪಾರದ ಹೊತ್ತಿನಲ್ಲಿ ಐವತ್ತು ಮಕ್ಕಳು ಮುತ್ತಿಕೊಂಡರೆ ಪಾಪ ಅವರ ಹೊಟ್ಟೆಪಾಡಿಗೆ ತೊಂದರೆ. ಎರಡೇ ಗುಂಪು ಕಳಿಸಿ, ಏನಾದರೂ ಕೊಂಡುಕೊಂಡೇ ಬೆಲೆ ಕೇಳಲಿ. "ಅಕ್ಕಾ, ಇದು ನೀವೇ ಬೆಳೆದದ್ದಾ, ಮಂಡಿಯಿಂದ ತಂದದ್ದಾ?" ಅನ್ನುವ ಒಂದು ಪ್ರಶ್ನೆ ಸಾಕು, ಅಲ್ಲಿಂದ ಮಾತು ತಾನೇ ಬೆಳೆಯುತ್ತದೆ.

ಸಮಾಜ ಮತ್ತು ಕನ್ನಡದ ಮೇಷ್ಟ್ರುಗಳಿಗೆ ವೀರಗಲ್ಲು, ಶಾಸನಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಕೆರೆ ಏರಿಯ ಮೇಲೋ ದೇವಸ್ಥಾನದ ಹಿಂದೋ ಒಂದು ನಿಂತಿರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲೇ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಮಕ್ಕಳು ಆಯುಧ, ಉಡುಪು, ಕುದುರೆ, ದನ ಏನೇನು ಕಾಣುತ್ತದೋ ಎಲ್ಲವನ್ನೂ ಚಿತ್ರ ಬರೆಯಲಿ, ಅಳತೆ ತೆಗೆಯಲಿ, ಊರ ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಅಂತ ಬರೆದುಕೊಳ್ಳಲಿ. ಅಕ್ಷರ ಇದ್ದರೆ ಸಂಜೆ ಹೊತ್ತಿನಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ, ಬಣ್ಣ ಏನನ್ನೂ ಹಚ್ಚಬಾರದು, ಕೆರೆಯಬಾರದು. ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲೂಕುವಾರು ಕೊಟ್ಟಿದ್ದಾರೆ. ನಿಮ್ಮೂರಿನದು ಅದರಲ್ಲಿ ಇದೆಯಾ ಅಂತ ಹುಡುಕುವುದನ್ನೇ ಒಂದು ಗುಂಪಿಗೆ ಕೊಡಿ. ಅದರಲ್ಲಿ ಸಿಗದೆ ಹೋದರೆ ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಗೆ ಫೋಟೊ, ಜಾಗದ ವಿವರ ಕಳಿಸಿ ಕೇಳಬಹುದು, ಅವರು ಶಾಸನಗಳನ್ನು ಮೂರು ಆಯಾಮದಲ್ಲಿ ಡಿಜಿಟಲ್ ಮಾಡುವ ಕೆಲಸ ಮಾಡುತ್ತಿದ್ದಾರೆ.

ಮೋಟಾರ್ ವೈಂಡಿಂಗ್ ಅಂಗಡಿ ಇಲ್ಲದ ತಾಲೂಕು ನಮ್ಮಲ್ಲಿಲ್ಲ. ಬೋರ್‌ವೆಲ್ ಮೋಟಾರ್ ಸುಟ್ಟರೆ ಎಲ್ಲರೂ ಹೋಗುವುದು ಅಲ್ಲಿಗೇ. ಆ ಅಂಗಡಿಯವರನ್ನು ಒಂದು ಸುಟ್ಟ ಮೋಟಾರ್ ಸಮೇತ ಶಾಲೆಗೆ ಕರೆಸಿ. ಐವತ್ತು ಮಕ್ಕಳನ್ನು ಅಂಗಡಿಗೆ ಒಯ್ಯುವುದಕ್ಕಿಂತ ಇದು ಸುಲಭ. ತಾಮ್ರದ ತಂತಿಯ ಸುತ್ತು ಎಷ್ಟು, ತಂತಿ ಎಷ್ಟು ದಪ್ಪ, ಎಲ್ಲಿ ಸುಟ್ಟಿದೆ, ಯಾಕೆ ಸುಡುತ್ತದೆ, ವೋಲ್ಟೇಜ್ ಕಮ್ಮಿಯಾದರೆ ಏನಾಗುತ್ತದೆ, ಎಲ್ಲವನ್ನೂ ಅವರು ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಅವರಿಗೆ ಗೌರವಧನ ಕೊಡಲೇಬೇಕು, ಅವರ ಅರ್ಧ ದಿನದ ದುಡಿಮೆ ಅದು. ಮಕ್ಕಳು ನಿಮ್ಮನ್ನು ಸರ್ ಅಂದಂತೆ ಅವರನ್ನೂ ಸರ್ ಅನ್ನಲಿ. ದರ್ಜಿ, ಬೇಕರಿಯವರು, ಕುಂಬಾರರು, ಕುಲುಮೆಯವರು, ಹಾಲಿನ ಡೇರಿ ಕಾರ್ಯದರ್ಶಿ, ಹೀಗೆ ಪಟ್ಟಿ ಬೆಳೆಸಬಹುದು. ನಿಮ್ಮ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರಲ್ಲೇ ಇಂಥವರು ಇರುತ್ತಾರೆ. ತನ್ನ ಅಪ್ಪನ ಕೆಲಸವನ್ನು ಇಡೀ ತರಗತಿ ಕಣ್ಣರಳಿಸಿ ನೋಡಿದಾಗ ಆ ಮಗುವಿನ ನಡಿಗೆಯೇ ಬೇರೆಯಾಗುತ್ತದೆ. ಕಲಿಕೆಯ ಹೆಸರಿನಲ್ಲಿ ಮಕ್ಕಳನ್ನು ಎಲ್ಲಿಯೂ ದುಡಿಮೆಗೆ ಹಚ್ಚಬಾರದು, ನೋಡುವುದು, ಕೇಳುವುದು, ಕೈಯಾಡಿಸಿ ಕಲಿಯುವುದು, ಅಷ್ಟಕ್ಕೇ ನಿಲ್ಲಬೇಕು.

ಅನುಮತಿ, ಪೋಷಕರು, ಅಂಕ

ಶಾಲೆಯ ಗೇಟು ದಾಟುವ ಪ್ರತಿ ಸಲವೂ ಪೋಷಕರ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಇಪ್ಪತ್ತೈದು ಮಕ್ಕಳಿಗೆ ಕಡಿಮೆ ಅಂದರೂ ಇಬ್ಬರು ದೊಡ್ಡವರು, ಅವರಲ್ಲಿ ಒಬ್ಬರು ಮೇಡಂ. ಹೊರಡುವಾಗ, ನಡುವೆ, ಬಂದ ಮೇಲೆ ತಲೆ ಎಣಿಸಬೇಕು. ಕೆರೆ, ಕಾಲುವೆ, ಕ್ವಾರಿ ಹತ್ತಿರ ನೀರಿಗೆ ಇಳಿಯುವುದು ಸಂಪೂರ್ಣ ನಿಷೇಧ, ನೀರಿನ ಸ್ಯಾಂಪಲ್ ಬೇಕಾದರೆ ದಾರ ಕಟ್ಟಿದ ಬಕೆಟ್ಟನ್ನು ದೊಡ್ಡವರೇ ಎಸೆದು ತೆಗೆಯಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ವ್ಯಾನ್ ಮಾಡಿಕೊಂಡು ದೂರ ಹೋಗುವುದಾದರೆ ಇಲಾಖೆಯ ನಿಯಮಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.

ಪೋಷಕರ ಪ್ರಶ್ನೆ ಒಂದೇ: ಇದರಿಂದ ಮಾರ್ಕ್ಸ್ ಬರುತ್ತಾ? ಅವರ ಮೇಲೆ ಕೋಪ ಬೇಡ, ಸಾಲ ಮಾಡಿ ಫೀಸ್ ಕಟ್ಟಿದವರು ಅದನ್ನು ಕೇಳುವುದು ನ್ಯಾಯ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟರೆ ಉಳಿದ ವಿಷಯಗಳಿಗೆ ಲಿಖಿತ ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20. ಆ ಇಪ್ಪತ್ತಕ್ಕೆ, ಎಂಟು ಒಂಬತ್ತರಲ್ಲಿ ವರ್ಷದ ನಡುನಡುವೆ ಅಂಕ ಕೊಡುವ ಎಫ್‌ಎ ಚಟುವಟಿಕೆಗಳಿಗೆ, ಇದೇ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಚಟುವಟಿಕೆಯ ಪಕ್ಕ ಪಠ್ಯದ ಯಾವ ಪಾಠ ಅಂತ ಬರೆದ ಒಂದು ಹಾಳೆ ಮಾಡಿ ಪೋಷಕರ ಸಭೆಯಲ್ಲಿ ಹಂಚಿ. ಅಂಕ ಕೊಡುವಾಗ ಉತ್ತರ ಎಷ್ಟು ಸರಿ ಅಂತ ನೋಡಬೇಡಿ. ಅಳತೆಯನ್ನು ಮತ್ತೆ ಅಳೆದು ನೋಡಿದ್ದಾರಾ, ದಾಖಲೆ ಪೂರ್ತಿ ಇದೆಯಾ, ತಮ್ಮ ಅಂಕಿಯನ್ನು ತಾವೇ ಅನುಮಾನಿಸಿದ್ದಾರಾ, ಇಷ್ಟು ನೋಡಿ. ಉತ್ತರಕ್ಕೆ ಅಂಕ ಕೊಟ್ಟ ದಿನದಿಂದ ಮಕ್ಕಳು ಅಂಕಿ ತಿದ್ದಲು ಶುರು ಮಾಡುತ್ತಾರೆ.

ಒಳ್ಳೆಯ ಪ್ರಶ್ನೆ ಹುಟ್ಟಿಕೊಂಡರೆ ಅದನ್ನು ಹೊರಗೂ ಕಳಿಸಬಹುದು. ಶಾಲಾ ಮಕ್ಕಳ ಹೊಸ ಯೋಚನೆಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ ಇನ್‌ಸ್ಪೈರ್ ಮಾನಕ್‌ಗೆ ಖಾಸಗಿ ಶಾಲೆಗಳೂ ಮಕ್ಕಳ ಐಡಿಯಾ ಕಳಿಸಬಹುದು, ಆಯ್ಕೆಯಾದ ಮಗುವಿಗೆ 10,000 ರೂಪಾಯಿ ಸಿಗುತ್ತದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ, ಅಲ್ಲಿ ಬೇಕಾಗಿರುವುದೂ ಇಂಥ ಊರ ಮಟ್ಟದ ಅಧ್ಯಯನಗಳೇ. ಕೇಂದ್ರದ ನೆರವಿನಿಂದ ಶಾಲೆಗಳಲ್ಲಿ ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ನಿಮ್ಮಲ್ಲಿದ್ದರೆ ಅದರ ಬೀಗ ವಾರಕ್ಕೊಮ್ಮೆಯಾದರೂ ತೆಗೆಸಿ. ಬಹುಮಾನಕ್ಕಾಗಿಯೇ ಕೆಲಸ ಶುರು ಮಾಡಿದರೆ ಮಾತ್ರ ಮತ್ತೆ ಅಪ್ಪ ಅಮ್ಮಂದಿರ ಮಾಡೆಲ್ ಬರುತ್ತದೆ, ಅದಕ್ಕೆ ಅವಕಾಶ ಕೊಡಬೇಡಿ.

ವಿಜ್ಞಾನ ಪ್ರದರ್ಶನದ ದಿನ ಗುಂಪುಗಳು ತಮ್ಮ ನೋಟ್‌ಬುಕ್, ಒಂದು ಗ್ರಾಫ್, ಬಳಸಿದ ಸಾಮಾನು ಇಷ್ಟನ್ನೇ ಮೇಜಿನ ಮೇಲೆ ಇಡಲಿ. ಬಂದವರು ಕೇಳಿದ ಪ್ರಶ್ನೆಗಳನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದುಕೊಳ್ಳಲಿ. ಮಾರ್ಚ್‌ನಲ್ಲಿ ಆ ನೋಟ್‌ಬುಕ್‌ಗಳನ್ನು ಮಕ್ಕಳ ಕೈಗೆ ವಾಪಸ್ ಕೊಡದೆ ಸ್ಟಾಫ್ ರೂಮಿನ ಬೀರುವಿನಲ್ಲಿ ಇಡಿ, ಬೇಕಾದವರಿಗೆ ಜೆರಾಕ್ಸ್ ಕೊಡಿ. ಜೂನ್‌ನಲ್ಲಿ ಹೊಸ ಬ್ಯಾಚಿಗೆ ಅವೇ ಪುಸ್ತಕಗಳನ್ನು ಹಂಚಿ, ಹೋದ ವರ್ಷದವರು ಅಳೆದ ಬೋರ್‌ವೆಲ್ಲಿನ ನೀರನ್ನೇ ಮತ್ತೆ ಅಳೆಯಲು ಹೇಳಿ, ಹಳೆಯ ಅಂಕಿಯ ಪಕ್ಕದಲ್ಲೇ ಹೊಸದನ್ನು ಬರೆಸಿ.